ದೇಹದ ಕೊಬ್ಬು ಇಳಿಕೆ: ವ್ಯಾಯಾಮ ಮತ್ತು ಆಹಾರದ ಕ್ಯಾಲೊರಿ ಕಡಿತ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅಧಿಕ ದೇಹತೂಕ ಹಾಗೂ ಬೊಜ್ಜು ಮಧುಮೇಹ, ರಕ್ತದ ಏರೊತ್ತಡ, ಹೃದ್ರೋಗ ಮತ್ತು ಮಂಡಿನೋವಿಗೆ ದಾರಿ ಮಾಡಿಕೊಡುವ ಪ್ರಮುಖ ಕಾರಣಗಳಾಗಿರುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿ ಶೇ. 24 ಹಾಗೂ ಪುರುಷರಲ್ಲಿ ಶೇ. 22.9ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕೈಗೊಂಡು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಶದ ವಯಸ್ಕರ ಪೈಕಿ ಹೊಟ್ಟೆಯ ಭಾಗದ ಬೊಜ್ಜು ಶೇ. 39.5ರಷ್ಟು ಜನರಲ್ಲಿ ಕಂಡುಬಂದಿದ್ದು, ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಲಾಗಿದೆ.

ತೂಕ ಇಳಿಸಿಕೊಳ್ಳುವಂತೆ ವೈದ್ಯರಿಂದ ಸಲಹೆ ಪಡೆದ ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ ಆಗಿರುತ್ತದೆ: ನಡಿಗೆ, ಓಟದಂತಹ ವ್ಯಾಯಾಮದಿಂದ ಕೊಬ್ಬು ಕರಗುವುದೋ, ಅಥವಾ ಊಟವನ್ನು ಕಡಿಮೆ ಮಾಡುವುದರಿಂದಲೋ? ಈ ಬಗ್ಗೆ ಲಭ್ಯವಿರುವ ವೈಜ್ಞಾನಿಕ ಮಾಹಿತಿಯನ್ನು ಹಾಗೂ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ದೊರೆಯುವ ಸೇವೆಗಳ ವಿವರವನ್ನು ಈ ಕೆಳಗೆ ನೀಡಲಾಗಿದೆ.

2. ಸಂಕ್ಷಿಪ್ತ ಉತ್ತರ

(ಅ) ಕೊಬ್ಬಿನ ಪ್ರಮಾಣವನ್ನು ಇಳಿಸುವಲ್ಲಿ ಆಹಾರದ ಕ್ಯಾಲೊರಿ ಕಡಿತದ ಪಾತ್ರವು ಹೆಚ್ಚಿನದು.
(ಆ) ಇಳಿದ ತೂಕವನ್ನು ಉಳಿಸಿಕೊಳ್ಳುವಲ್ಲಿ, ಸ್ನಾಯುಗಳನ್ನು ಕಾಪಾಡುವಲ್ಲಿ ಹಾಗೂ ಹೃದಯದ ಆರೋಗ್ಯದಲ್ಲಿ ವ್ಯಾಯಾಮದ ಪಾತ್ರವು ಹೆಚ್ಚಿನದು.
(ಇ) ಎರಡನ್ನೂ ಒಟ್ಟಿಗೆ ಅನುಸರಿಸಿದವರಿಗೆ ಒಂದನ್ನು ಮಾತ್ರ ಅನುಸರಿಸಿದವರಿಗಿಂತ ಉತ್ತಮ ಫಲ ದೊರೆಯುತ್ತದೆ.

3. ಬೊಜ್ಜು ಇದೆಯೇ ಎಂದು ತಿಳಿಯುವ ಬಗೆ

ದೇಹತೂಕ ಸೂಚ್ಯಂಕ: ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಈ ಸೂಚ್ಯಂಕವು ದೊರೆಯುತ್ತದೆ. ಉದಾಹರಣೆಗೆ, 70 ಕಿ.ಗ್ರಾಂ. ತೂಕ ಹಾಗೂ 165 ಸೆಂ.ಮೀ. ಎತ್ತರವಿರುವ ವ್ಯಕ್ತಿಯ ಸೂಚ್ಯಂಕವು 25.7 ಆಗಿರುತ್ತದೆ. ಭಾರತೀಯ ತಜ್ಞರು 2009ರಲ್ಲಿ ಪ್ರಕಟಿಸಿದ ಒಮ್ಮತದ ಮಾನದಂಡದಂತೆ 23ರಿಂದ 24.9ರವರೆಗಿನ ಸೂಚ್ಯಂಕವನ್ನು ಅಧಿಕ ತೂಕವೆಂದೂ, 25 ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಮಿತಿಗಳು ಕ್ರಮವಾಗಿ 25 ಹಾಗೂ 30 ಆಗಿರುತ್ತವೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಒಳಭಾಗದಲ್ಲಿ ಕೊಬ್ಬು ಶೇಖರವಾಗುವುದರಿಂದ ಕೆಳಗಿನ ಮಿತಿಯನ್ನು ನಿಗದಿಪಡಿಸಲಾಗಿದೆ.

ಸೊಂಟದ ಸುತ್ತಳತೆ: ಪುರುಷರಲ್ಲಿ 90 ಸೆಂ.ಮೀ. ಹಾಗೂ ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದಲ್ಲಿ ಅಪಾಯದ ಸೂಚನೆಯೆಂದು ತಿಳಿಯತಕ್ಕದ್ದು. ಅಳತೆ ಪಟ್ಟಿಯನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಇರಿಸಿ, ಉಸಿರನ್ನು ಸಹಜವಾಗಿ ಹೊರಬಿಟ್ಟ ನಂತರ ಅಳೆಯಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡು ಅಳೆದಲ್ಲಿ ಅಳತೆಯು ಸರಿಯಾಗುವುದಿಲ್ಲ.

4. ಶಕ್ತಿಯ ಜಮಾ-ಖರ್ಚು

ಆಹಾರದ ಮೂಲಕ ದೇಹಕ್ಕೆ ಬರುವ ಶಕ್ತಿಯು ಜಮಾ. ಉಸಿರಾಟ, ರಕ್ತಚಲನೆ, ಜೀರ್ಣಕ್ರಿಯೆ ಮತ್ತು ಕೆಲಸಗಳಿಗೆ ವಿನಿಯೋಗವಾಗುವ ಶಕ್ತಿಯು ಖರ್ಚು. ಖರ್ಚಿಗಿಂತ ಜಮಾ ಹೆಚ್ಚಾದಾಗ ಉಳಿದ ಶಿಲ್ಕು ಕೊಬ್ಬಿನ ರೂಪದಲ್ಲಿ ಶೇಖರವಾಗುತ್ತದೆ. ಆ ಶೇಖರಣೆಯು ಕರಗಬೇಕಾದರೆ ಜಮಾಕ್ಕಿಂತ ಖರ್ಚು ಹೆಚ್ಚಿರಬೇಕು. ಇದಕ್ಕೆ ಎರಡೇ ದಾರಿಗಳಿವೆ: ಜಮಾ ತಗ್ಗಿಸುವುದು ಇಲ್ಲವೇ ಖರ್ಚು ಹೆಚ್ಚಿಸುವುದು.

ದೇಹದಲ್ಲಿ ಶೇಖರವಾಗಿರುವ 1 ಕಿ.ಗ್ರಾಂ. ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿಯಿರುತ್ತದೆ. ಜನಬಳಕೆಯಲ್ಲಿ ಕಿಲೋಕ್ಯಾಲೊರಿಯನ್ನೇ ಕ್ಯಾಲೊರಿ ಎನ್ನುವ ರೂಢಿಯಿದ್ದು, ಮುಂದಿನ ಲೆಕ್ಕಗಳಲ್ಲಿಯೂ ಅದನ್ನೇ ಅನುಸರಿಸಲಾಗಿದೆ.

4.1 ಖರ್ಚಿನ ಬಾಬ್ತು (70 ಕಿ.ಗ್ರಾಂ. ತೂಕದ ವ್ಯಕ್ತಿಗೆ ಅಂದಾಜು)

(ಅ) ಗಂಟೆಗೆ 5 ಕಿ.ಮೀ. ವೇಗದಲ್ಲಿ 45 ನಿಮಿಷಗಳ ನಡಿಗೆ: ಒಟ್ಟು 185 ಕ್ಯಾಲೊರಿ. ಅದೇ ಅವಧಿಯಲ್ಲಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿದ್ದ ಶಕ್ತಿಯನ್ನು ಕಳೆದರೆ ನಿವ್ವಳ 130 ಕ್ಯಾಲೊರಿ. ವಾರಕ್ಕೆ 5 ದಿನಗಳಂತೆ 650 ಕ್ಯಾಲೊರಿ.
(ಆ) ಗಂಟೆಗೆ 8 ಕಿ.ಮೀ. ವೇಗದಲ್ಲಿ 30 ನಿಮಿಷಗಳ ಓಟ: ನಿವ್ವಳ 255 ಕ್ಯಾಲೊರಿ. ವಾರಕ್ಕೆ 5 ದಿನಗಳಂತೆ 1,275 ಕ್ಯಾಲೊರಿ.

ಆಹಾರದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಈ ನಡಿಗೆಯೊಂದರಿಂದಲೇ 1 ಕಿ.ಗ್ರಾಂ. ಕೊಬ್ಬು ಕರಗಲು ಲೆಕ್ಕದ ಪ್ರಕಾರ ಸುಮಾರು 12 ವಾರಗಳು, ಓಟದಿಂದ ಸುಮಾರು 6 ವಾರಗಳು ಬೇಕಾಗುತ್ತವೆ.

4.2 ಜಮಾ ಬಾಬ್ತು (ಪ್ರತಿದಿನದ ಕಡಿತ, ಅಂದಾಜು)

(ಅ) ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಟೀಗೆ ತಲಾ ಎರಡು ಚಮಚದಂತೆ ಬೆರೆಸುವ 40 ಗ್ರಾಂ ಸಕ್ಕರೆಯನ್ನು ಬಿಟ್ಟಲ್ಲಿ: 160 ಕ್ಯಾಲೊರಿ.
(ಆ) ಒಗ್ಗರಣೆ ಹಾಗೂ ಕರಿಯುವುದಕ್ಕೆ ಬಳಸುವ ಎಣ್ಣೆಯನ್ನು ತಲಾ 15 ಗ್ರಾಂ ತಗ್ಗಿಸಿದಲ್ಲಿ: 135 ಕ್ಯಾಲೊರಿ.
(ಇ) ಅನ್ನಕ್ಕೆ ಬಳಸುವ ಅಕ್ಕಿಯನ್ನು 50 ಗ್ರಾಂ ತಗ್ಗಿಸಿದಲ್ಲಿ: 175 ಕ್ಯಾಲೊರಿ.

ಒಟ್ಟು ದಿನಕ್ಕೆ 470 ಕ್ಯಾಲೊರಿ, ವಾರಕ್ಕೆ 3,290 ಕ್ಯಾಲೊರಿ. ಈ ಕಡಿತದಿಂದ 1 ಕಿ.ಗ್ರಾಂ. ಕೊಬ್ಬು ಕರಗಲು ಸುಮಾರು ಎರಡೂಕಾಲು ವಾರಗಳು ಸಾಕಾಗುತ್ತವೆ. ಇದರೊಡನೆ ಮೇಲ್ಕಂಡ ನಡಿಗೆಯನ್ನೂ ಸೇರಿಸಿದಲ್ಲಿ ವಾರದ ಒಟ್ಟು ಕೊರತೆಯು 3,940 ಕ್ಯಾಲೊರಿ ಆಗಿ, ಎರಡು ವಾರಗಳೊಳಗೆ ಅದೇ ಫಲ ದೊರೆಯುತ್ತದೆ.

4.3 ಈ ಲೆಕ್ಕದ ಮಿತಿ

ಮೇಲ್ಕಂಡ ಅಂಕಿಗಳು ಆರಂಭದ ವಾರಗಳಿಗೆ ಹೆಚ್ಚು ಅನ್ವಯವಾಗುತ್ತವೆ. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿಯುತ್ತದೆ. ವ್ಯಾಯಾಮ ಮಾಡಿದ ದಿನ ಹಸಿವು ಹೆಚ್ಚುವುದೂ, ದಣಿವಿನಿಂದ ಉಳಿದ ಓಡಾಟ ತಗ್ಗುವುದೂ ಉಂಟು. ಆದಕಾರಣ ವಾಸ್ತವದಲ್ಲಿ ಇಳಿಕೆಯ ವೇಗವು ಲೆಕ್ಕಕ್ಕಿಂತ ನಿಧಾನವಾಗಿರುತ್ತದೆ. ಎರಡು-ಮೂರು ತಿಂಗಳ ನಂತರ ತೂಕವು ಒಂದೆಡೆ ನಿಂತಲ್ಲಿ ಅದನ್ನು ಪ್ರಯತ್ನದ ವೈಫಲ್ಯವೆಂದು ಭಾವಿಸಬೇಕಾಗಿಲ್ಲ. ಹೊಸ ತೂಕಕ್ಕೆ ಅನುಗುಣವಾಗಿ ಆಹಾರ ಹಾಗೂ ವ್ಯಾಯಾಮವನ್ನು ಮರುಹೊಂದಿಸಿಕೊಳ್ಳಬೇಕಾಗುತ್ತದೆ.

5. ಅಧ್ಯಯನಗಳಿಂದ ತಿಳಿದುಬಂದ ಅಂಶಗಳು

(ಅ) ಅಮೆರಿಕದ ಸಿಯಾಟಲ್ ನಗರದಲ್ಲಿ ಋತುಬಂಧದ ನಂತರದ, ಅಧಿಕ ತೂಕವುಳ್ಳ 439 ಮಹಿಳೆಯರ ಮೇಲೆ ಒಂದು ವರ್ಷ ಕಾಲ ನಡೆಸಿ 2012ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ ನಾಲ್ಕು ಗುಂಪುಗಳನ್ನು ಹೋಲಿಸಲಾಯಿತು. ವಾರಕ್ಕೆ 5 ದಿನ 45 ನಿಮಿಷಗಳ ವ್ಯಾಯಾಮವನ್ನು ಮಾತ್ರ ನಿಗದಿಪಡಿಸಿದ ಗುಂಪಿನಲ್ಲಿ ತೂಕವು ಸರಾಸರಿ ಶೇ. 2.4ರಷ್ಟು, ಆಹಾರ ಕಡಿತ ಮಾತ್ರ ಅನುಸರಿಸಿದ ಗುಂಪಿನಲ್ಲಿ ಶೇ. 8.5ರಷ್ಟು, ಎರಡನ್ನೂ ಅನುಸರಿಸಿದ ಗುಂಪಿನಲ್ಲಿ ಶೇ. 10.8ರಷ್ಟು ಹಾಗೂ ಯಾವುದನ್ನೂ ಅನುಸರಿಸದ ಗುಂಪಿನಲ್ಲಿ ಶೇ. 0.8ರಷ್ಟು ಇಳಿಯಿತು.

(ಆ) ಕೆನಡಾದಲ್ಲಿ ಬೊಜ್ಜುಳ್ಳ 52 ಪುರುಷರ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಆಹಾರದಲ್ಲಿ ದಿನಕ್ಕೆ 700 ಕ್ಯಾಲೊರಿ ಕಡಿತವನ್ನೂ, ಇನ್ನೊಂದು ಗುಂಪಿಗೆ ಅಷ್ಟೇ ಕ್ಯಾಲೊರಿಯ ವ್ಯಾಯಾಮವನ್ನೂ ನಿಗದಿಪಡಿಸಲಾಯಿತು. ಮೂರು ತಿಂಗಳ ಕೊನೆಗೆ ಎರಡೂ ಗುಂಪುಗಳಲ್ಲಿ ತೂಕವು ಸುಮಾರು 7.5 ಕಿ.ಗ್ರಾಂ.ನಷ್ಟು ಇಳಿದಿತ್ತು, ವ್ಯಾಯಾಮದ ಗುಂಪಿನಲ್ಲಿ ಕೊಬ್ಬಿನ ಇಳಿಕೆಯು ತುಸು ಹೆಚ್ಚಿತ್ತು. ಅಂದರೆ, ಕೊರತೆಯು ಸಮನಾಗಿದ್ದಲ್ಲಿ ವ್ಯಾಯಾಮವೂ ಅಷ್ಟೇ ಪರಿಣಾಮಕಾರಿ. ಆದರೆ ದಿನಕ್ಕೆ 700 ಕ್ಯಾಲೊರಿ ಖರ್ಚಾಗುವಷ್ಟು ವ್ಯಾಯಾಮವನ್ನು ಪ್ರತಿದಿನ ಮಾಡುವುದು ದುಡಿಯುವ ಬಹುತೇಕ ನಾಗರಿಕರಿಗೆ ಸಾಧ್ಯವಾಗುವುದಿಲ್ಲ. ಮೇಲಿನ ಎರಡು ಅಧ್ಯಯನಗಳ ಫಲಿತಾಂಶವು ಬೇರೆಬೇರೆಯಾಗಿ ಕಾಣಲು ಇದೇ ಮುಖ್ಯ ಕಾರಣವಾಗಿರುತ್ತದೆ.

(ಇ) ಅದೇ ಕೆನಡಾ ಅಧ್ಯಯನದಲ್ಲಿ ವ್ಯಾಯಾಮ ಮಾಡಿ, ತೂಕ ಇಳಿಯದಂತೆ ಹೆಚ್ಚುವರಿ ಆಹಾರ ಸೇವಿಸಿದ ಮತ್ತೊಂದು ಗುಂಪಿನಲ್ಲಿಯೂ ಹೊಟ್ಟೆಯ ಒಳಭಾಗದ ಕೊಬ್ಬು ಕಡಿಮೆಯಾಯಿತು. ತಕ್ಕಡಿಯ ಮುಳ್ಳು ಕದಲದಿದ್ದರೂ ವ್ಯಾಯಾಮವು ವ್ಯರ್ಥವಾಗುವುದಿಲ್ಲ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

(ಈ) ಮಧುಮೇಹದ ಅಂಚಿನಲ್ಲಿದ್ದ 531 ಭಾರತೀಯರ ಮೇಲೆ ಚೆನ್ನೈನ ತಜ್ಞರು ಕೈಗೊಂಡು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಸುಧಾರಣೆ ಹಾಗೂ ಪ್ರತಿದಿನದ ನಡಿಗೆಯನ್ನು ಅಳವಡಿಸಿಕೊಂಡವರಲ್ಲಿ ಮಧುಮೇಹ ಬರುವ ಸಂಭವವು ಶೇ. 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಗಮನಾರ್ಹ ಇಳಿಕೆ ಆಗದಿದ್ದರೂ ಈ ಲಾಭ ದೊರೆತದ್ದು ಉಲ್ಲೇಖನೀಯ.

6. ಆಹಾರ ಕಡಿತವೊಂದನ್ನೇ ಏಕೆ ನೆಚ್ಚಬಾರದು?

ವ್ಯಾಯಾಮವಿಲ್ಲದೆ ಕೇವಲ ಊಟ ತಗ್ಗಿಸಿದಾಗ ಇಳಿದ ತೂಕದ ಸುಮಾರು ನಾಲ್ಕನೇ ಒಂದರಷ್ಟು ಭಾಗವು ಕೊಬ್ಬಲ್ಲದ ಅಂಶ, ಅಂದರೆ ಮುಖ್ಯವಾಗಿ ಸ್ನಾಯು ಮತ್ತು ನೀರು ಆಗಿರಬಹುದು. ಸ್ನಾಯು ನಷ್ಟವಾದಲ್ಲಿ ನಿಶ್ಶಕ್ತಿ ಉಂಟಾಗುತ್ತದೆ. ಹಿರಿಯ ನಾಗರಿಕರಲ್ಲಿ ಬೀಳುವ ಅಪಾಯವೂ ಹೆಚ್ಚುತ್ತದೆ. ಇದನ್ನು ತಡೆಯಲು ಈ ಕೆಳಕಂಡ ಕ್ರಮಗಳು ಅವಶ್ಯಕ.

(ಅ) ತೊಗರಿಬೇಳೆ, ಹೆಸರುಕಾಳು, ಹುರುಳಿಕಾಳು, ಕಡಲೆ, ಮಜ್ಜಿಗೆ, ಮೊಟ್ಟೆ ಅಥವಾ ಮೀನು ಪ್ರತಿ ಊಟದಲ್ಲಿಯೂ ಸೇರಿರಬೇಕು. ವಯಸ್ಕರಿಗೆ ಪ್ರತಿ ಕಿ.ಗ್ರಾಂ. ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಶಿಫಾರಸು ಮಾಡಿದೆ. ಕಡಿತ ಮಾಡಬೇಕಾದದ್ದು ಸಕ್ಕರೆ, ಎಣ್ಣೆ, ಕರಿದ ತಿನಿಸು ಹಾಗೂ ಅನ್ನದ ರಾಶಿಯನ್ನೇ ಹೊರತು ಬೇಳೆ-ಕಾಳು-ತರಕಾರಿಗಳನ್ನಲ್ಲ.
(ಆ) ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ಮಾಡಬೇಕು. ಇದಕ್ಕೆ ಜಿಮ್ ಕಡ್ಡಾಯವಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ಮೆಟ್ಟಿಲು ಹತ್ತುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುವುದು ಸಾಕಾಗುತ್ತದೆ.
(ಇ) ಇವುಗಳ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಿನ ನಡಿಗೆ ಅಥವಾ 75ರಿಂದ 150 ನಿಮಿಷಗಳ ಓಟದಂತಹ ತೀವ್ರ ವ್ಯಾಯಾಮವನ್ನು ಮಾಡತಕ್ಕದ್ದು. ಮಾತನಾಡಲು ಸಾಧ್ಯವಾಗುವ, ಆದರೆ ಹಾಡಲು ಸಾಧ್ಯವಾಗದ ವೇಗವೇ ಬಿರುಸಿನ ನಡಿಗೆಯ ಗುರುತು.

ತೂಕ ಇಳಿಸಿಕೊಂಡವರಲ್ಲಿ ಅನೇಕರು ವರ್ಷದೊಳಗೆ ಅದನ್ನು ಮರಳಿ ಪಡೆಯುತ್ತಾರೆ. ಅಮೆರಿಕದಲ್ಲಿ 1994ರಿಂದ ನಿರ್ವಹಿಸಲಾಗುತ್ತಿರುವ ತೂಕ ನಿಯಂತ್ರಣ ನೋಂದಣಿಯಲ್ಲಿ, ಇಳಿಕೆಯನ್ನು ದೀರ್ಘಕಾಲ ಉಳಿಸಿಕೊಂಡವರ ಪೈಕಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆಯ ವ್ಯಾಯಾಮವನ್ನು ರೂಢಿಸಿಕೊಂಡಿರುವುದು ಕಂಡುಬಂದಿದೆ.

7. ಸಾಮಾನ್ಯ ತಪ್ಪು ತಿಳಿವಳಿಕೆಗಳು

(ಅ) “ರಾಗಿ ಮುದ್ದೆ ಎಷ್ಟು ಉಂಡರೂ ಬೊಜ್ಜು ಬರುವುದಿಲ್ಲ.” – 100 ಗ್ರಾಂ ರಾಗಿಯಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ ಇರುತ್ತದೆ. ವ್ಯತ್ಯಾಸವು ಅಲ್ಪ. ರಾಗಿಯ ಹಿರಿಮೆಯು ನಾರಿನಂಶದಲ್ಲಿದೆ: ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 3 ಗ್ರಾಂ. ಹೊಟ್ಟೆ ಬೇಗ ತುಂಬಿ ತಡವಾಗಿ ಹಸಿವಾಗುವುದರಿಂದ ರಾಗಿಯು ಸಹಾಯಕ. ಆದರೆ ಮುದ್ದೆಯ ಸಂಖ್ಯೆಯನ್ನು ಎಣಿಸಲೇಬೇಕು.
(ಆ) “ಸಕ್ಕರೆ ಬಿಟ್ಟು ಬೆಲ್ಲ ಬಳಸಿದರೆ ಸಾಕು.” – ಬೆಲ್ಲದ ಕ್ಯಾಲೊರಿಯು ಸಕ್ಕರೆಗಿಂತ ಸ್ವಲ್ಪ ಮಾತ್ರ ಕಡಿಮೆ. ತೂಕದ ಲೆಕ್ಕದಲ್ಲಿ ಎರಡೂ ಬಹುತೇಕ ಸಮಾನ.
(ಇ) “ಹೆಚ್ಚು ಬೆವರಿದಷ್ಟೂ ಕೊಬ್ಬು ಕರಗುತ್ತದೆ.” – ಬೆವರು ನೀರು ಮತ್ತು ಉಪ್ಪಿನಂಶ ಮಾತ್ರ. ನೀರು ಕುಡಿದೊಡನೆ ಆ ತೂಕವು ಮರಳುತ್ತದೆ.
(ಈ) “ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜು ಮಾತ್ರ ಕರಗುತ್ತದೆ.” – ಆ ವ್ಯಾಯಾಮದಿಂದ ಹೊಟ್ಟೆಯ ಸ್ನಾಯುಗಳು ಬಲಗೊಳ್ಳುತ್ತವೆ. ಕೊಬ್ಬು ಎಲ್ಲಿಂದ ಮೊದಲು ಕರಗಬೇಕೆಂಬುದನ್ನು ವ್ಯಾಯಾಮದಿಂದ ನಿರ್ಧರಿಸಲಾಗುವುದಿಲ್ಲ.
(ಉ) “ವಾಕಿಂಗ್ ಮಾಡಿದ್ದೇವೆ, ಇನ್ನು ಏನು ತಿಂದರೂ ಚಿಂತೆಯಿಲ್ಲ.” – 50 ಗ್ರಾಂ ಖಾರಾ ಮಿಕ್ಸ್ಚರ್‌ನಲ್ಲಿ ಸುಮಾರು 250 ಕ್ಯಾಲೊರಿ ಇರುತ್ತದೆ. ಇದು 45 ನಿಮಿಷಗಳ ನಡಿಗೆಯ ನಿವ್ವಳ ಖರ್ಚಿನ ಹೆಚ್ಚುಕಡಿಮೆ ಎರಡರಷ್ಟು.

8. ಸುರಕ್ಷಿತ ಗುರಿ

ಭಾರತೀಯರಿಗಾಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ ವಾರಕ್ಕೆ ಅರ್ಧ ಕಿ.ಗ್ರಾಂ. ಇಳಿಕೆಯು ಸುರಕ್ಷಿತವಾಗಿದ್ದು, ತೂಕ ಇಳಿಸುವ ಆಹಾರವು ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆಯಿರಬಾರದು. ಮೊದಲ ಗುರಿಯಾಗಿ ಈಗಿನ ತೂಕದ ಶೇ. 5ರಷ್ಟನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ. ಮೇಲಿನ ಉದಾಹರಣೆಯ 70 ಕಿ.ಗ್ರಾಂ. ತೂಕದ ವ್ಯಕ್ತಿಗೆ ಇದು 3.5 ಕಿ.ಗ್ರಾಂ. ಆಗಿದ್ದು, ಸೂಚ್ಯಂಕವು 25.7ರಿಂದ 24.4ಕ್ಕೆ ಇಳಿಯುತ್ತದೆ. ಇಷ್ಟು ಇಳಿಕೆಯಿಂದಲೇ ರಕ್ತದೊತ್ತಡ ಹಾಗೂ ರಕ್ತದ ಸಕ್ಕರೆಯಲ್ಲಿ ಸುಧಾರಣೆಯನ್ನು ಕಾಣಬಹುದಾಗಿದೆ. ಅತಿ ವೇಗದ ಇಳಿಕೆಯಿಂದ ಪಿತ್ತಕೋಶದ ಕಲ್ಲು, ಸ್ನಾಯು ನಷ್ಟ ಮುಂತಾದ ತೊಂದರೆಗಳು ಸಂಭವಿಸಬಹುದು. ಆದ್ದರಿಂದ ಕೆಲವೇ ದಿನಗಳಲ್ಲಿ ಹತ್ತು ಕಿ.ಗ್ರಾಂ. ಇಳಿಕೆಯ ಭರವಸೆ ನೀಡುವ ಜಾಹೀರಾತುಗಳಿಗೆ ಮಾರುಹೋಗಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ತೂಕ ಇಳಿಸುವ ಚುಚ್ಚುಮದ್ದು ಅಥವಾ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಬಳಸಬಾರದು.

9. ವೈದ್ಯರ ಸಲಹೆಯಿಲ್ಲದೆ ಆಹಾರ ಕಡಿತ ಅಥವಾ ಹೊಸ ವ್ಯಾಯಾಮವನ್ನು ಆರಂಭಿಸಬಾರದವರು

(ಅ) ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಪಡೆಯುತ್ತಿರುವ ಮಧುಮೇಹಿಗಳು. ಔಷಧದ ಪ್ರಮಾಣವನ್ನು ಬದಲಿಸದೆ ಊಟವನ್ನು ತಗ್ಗಿಸಿದಲ್ಲಿ ಅಥವಾ ಬರಿಹೊಟ್ಟೆಯಲ್ಲಿ ದೀರ್ಘಕಾಲ ನಡೆದಲ್ಲಿ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ತಣ್ಣನೆಯ ಬೆವರು, ತಲೆಸುತ್ತು, ಗೊಂದಲ ಇದರ ಲಕ್ಷಣಗಳು. ಪ್ರಜ್ಞೆಯಿದ್ದಲ್ಲಿ ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಬೆರೆಸಿದ ನೀರನ್ನು ನೀಡತಕ್ಕದ್ದು. ಪ್ರಜ್ಞೆ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕದೆ 108 ಆಂಬುಲೆನ್ಸ್ ಕರೆಯಬೇಕು.
(ಆ) ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು.
(ಇ) 18 ವರ್ಷದೊಳಗಿನವರು.
(ಈ) ಹೃದ್ರೋಗ, ಮೂತ್ರಪಿಂಡದ ಕಾಯಿಲೆ ಅಥವಾ ತೀವ್ರ ಮಂಡಿನೋವು ಇರುವವರು.
(ಉ) ಸೂಚ್ಯಂಕವು 18.5ಕ್ಕಿಂತ ಕಡಿಮೆ ಇರುವವರು. ಇವರಿಗೆ ತೂಕ ಇಳಿಕೆಯ ಅಗತ್ಯವಿರುವುದಿಲ್ಲ.

ವ್ಯಾಯಾಮದ ವೇಳೆ ಎದೆನೋವು, ಅಸಹಜ ಏದುಸಿರು ಅಥವಾ ಕಣ್ಣುಕತ್ತಲೆ ಕಂಡುಬಂದಲ್ಲಿ ತಕ್ಷಣ ನಿಲ್ಲಿಸಿ ಸಮೀಪದ ಆಸ್ಪತ್ರೆಗೆ ತೆರಳಬೇಕು. ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದಲ್ಲಿ ಅದನ್ನು ಶುಭಸೂಚನೆಯೆಂದು ಭಾವಿಸದೆ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

10. ಸೇವೆ ಪಡೆಯುವ ವಿಧಾನ

(ಅ) ಯಾರಿಗೆ: 30 ವರ್ಷ ಮತ್ತು ಮೇಲ್ಪಟ್ಟ ಎಲ್ಲ ನಾಗರಿಕರಿಗೆ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಮಧುಮೇಹ ಹಾಗೂ ರಕ್ತದೊತ್ತಡದ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ.
(ಆ) ಎಲ್ಲಿ: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ.
(ಇ) ಪೂರ್ವಭಾವಿ ನಮೂನೆ: ಆಶಾ ಕಾರ್ಯಕರ್ತೆಯರು ಮನೆಭೇಟಿಯ ವೇಳೆ ವಯಸ್ಸು, ತಂಬಾಕು ಮತ್ತು ಮದ್ಯದ ಬಳಕೆ, ಸೊಂಟದ ಸುತ್ತಳತೆ, ವಾರದ ವ್ಯಾಯಾಮ ಹಾಗೂ ಕುಟುಂಬದ ರೋಗ ಇತಿಹಾಸದ ವಿವರಗಳನ್ನು ನಮೂನೆಯಲ್ಲಿ ದಾಖಲಿಸುತ್ತಾರೆ. ಒಟ್ಟು ಅಂಕವು 4ನ್ನು ಮೀರಿದವರನ್ನು ಆದ್ಯತೆಯ ಮೇರೆಗೆ ತಪಾಸಣೆಗೆ ಕಳುಹಿಸಲಾಗುತ್ತದೆ. ವಿವರಗಳನ್ನು ಮುಚ್ಚಿಡದೆ ನೀಡುವುದು ಅರ್ಜಿದಾರರ ಹಿತದೃಷ್ಟಿಯಿಂದ ಅಗತ್ಯ.
(ಈ) ತರಬೇಕಾದವು: ಗುರುತಿನ ಚೀಟಿ, ಹಿಂದಿನ ವೈದ್ಯರ ಚೀಟಿ ಹಾಗೂ ಪ್ರಯೋಗಾಲಯ ವರದಿಗಳು, ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ. ಒಂದು ವಾರ ಕಾಲ ತಿಂದ ಆಹಾರ ಹಾಗೂ ನಡೆದ ಸಮಯವನ್ನು ಬರೆದಿಟ್ಟುಕೊಂಡು ಬಂದಲ್ಲಿ ವೈದ್ಯರಿಗೆ ಸಲಹೆ ನೀಡಲು ಅನುಕೂಲವಾಗುತ್ತದೆ.

11. ಮನೆಯಲ್ಲಿ ಇರಿಸಿಕೊಳ್ಳಬಹುದಾದ ಲೆಕ್ಕ

ವಾರಕ್ಕೊಮ್ಮೆ, ಒಂದೇ ದಿನ, ಬೆಳಗಿನ ತಿಂಡಿಗೆ ಮೊದಲು ತೂಕವನ್ನೂ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನೂ ಪುಸ್ತಕವೊಂದರಲ್ಲಿ ಬರೆದಿಡುವುದು ಒಳಿತು. ಪ್ರತಿದಿನದ ತೂಕವು ನೀರಿನ ಏರಿಳಿತದಿಂದ ಬದಲಾಗುವುದರಿಂದ ಅದನ್ನು ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು. ತಿಂಗಳ ಎಣ್ಣೆ ಹಾಗೂ ಸಕ್ಕರೆಯ ಖರೀದಿಯನ್ನು ಮನೆಯ ಸದಸ್ಯರ ಸಂಖ್ಯೆಯಿಂದ ಭಾಗಿಸಿದಲ್ಲಿ ಪ್ರತಿಯೊಬ್ಬರ ಪಾಲಿಗೆ ಎಷ್ಟು ಸಲ್ಲುತ್ತಿದೆ ಎಂಬುದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ. ಮನೆಯ ಒಬ್ಬರಿಗೆ ಮಾತ್ರ ಬೇರೆ ಅಡುಗೆ ಮಾಡುವುದಕ್ಕಿಂತ ಎಲ್ಲರ ಅಡುಗೆಯಲ್ಲಿಯೂ ಎಣ್ಣೆ-ಸಕ್ಕರೆಯನ್ನು ತಗ್ಗಿಸುವುದು ಸುಲಭವಾಗಿದ್ದು, ಹೆಚ್ಚು ಕಾಲ ಉಳಿಯುತ್ತದೆ. ಬೆಳೆಯುವ ಮಕ್ಕಳ ಊಟದ ಪ್ರಮಾಣವನ್ನು ಮಾತ್ರ ಕಡಿತಗೊಳಿಸಬಾರದು.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ನೀಡಲ್ಪಟ್ಟಿದ್ದು, ವೈದ್ಯರ ತಪಾಸಣೆ ಹಾಗೂ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಕ್ಯಾಲೊರಿಯ ಅಂಕಿಗಳು ಅಂದಾಜಿನವಾಗಿದ್ದು, ವ್ಯಕ್ತಿಯ ತೂಕ, ವಯಸ್ಸು ಮತ್ತು ಅಡುಗೆಯ ವಿಧಾನಕ್ಕೆ ಅನುಗುಣವಾಗಿ ವ್ಯತ್ಯಾಸವಾಗುತ್ತವೆ.